ಆಮೆ ನಡೆಯುವ ಮೊದಲು: ಶಾಲೆಯ ಲ್ಯಾಬಿನಲ್ಲಿ ಪೈಥಾನ್ ಸಿದ್ಧಪಡಿಸಿದ ಬಗೆ

ಇಂಟರ್ನ್‌ಶಿಪ್‌ನ ಮೂರನೇ ವಾರ ನಾನು ಬರೆದ ಪಾಠಯೋಜನೆಯಲ್ಲಿ ‘ಕಲಿಕೋಪಕರಣಗಳು’ ಎಂಬ ಅಂಕಣದ ಎದುರು ಇದ್ದದ್ದು ಮೂರೇ ಪದ: ಕಪ್ಪುಹಲಗೆ, ಕಂಪ್ಯೂಟರ್, ಪೈಥಾನ್. ಮಾರ್ಗದರ್ಶಕರು ಸಹಿ ಹಾಕಿದರು. ನನಗೂ ಅದರಲ್ಲಿ ಕೊರತೆ ಕಾಣಲಿಲ್ಲ. ಪಾಠ ಕೆಟ್ಟದ್ದು ಆ ಮೂರನೆಯ ಪದದಿಂದ.

ವಿಷಯ 8ನೇ ತರಗತಿಯ ಗಣಿತ, ಬಹುಭುಜಾಕೃತಿಗಳ ಬಾಹ್ಯಕೋನಗಳು. ಯಾವುದೇ ಬಹುಭುಜಾಕೃತಿಯ ಬಾಹ್ಯಕೋನಗಳ ಮೊತ್ತ 360 ಡಿಗ್ರಿ ಎಂಬುದನ್ನು ಮಕ್ಕಳು ಬಾಯಿಪಾಠ ಹೇಳುತ್ತಾರೆ. ಆದರೆ ಏಕೆ ಎಂದು ಕೇಳಿದರೆ ಪುಸ್ತಕ ತೆರೆಯುತ್ತಾರೆ. ಪೈಥಾನ್ ಭಾಷೆಯ ಜೊತೆಗೇ ಬರುವ ಟರ್ಟಲ್ ಎಂಬ ಭಾಗದಲ್ಲಿ ಪರದೆಯ ಮೇಲೆ ಒಂದು ಆಮೆಯನ್ನು ನಡೆಸಬಹುದು. ‘100 ಹೆಜ್ಜೆ ಮುಂದೆ ಹೋಗು, 72 ಡಿಗ್ರಿ ಎಡಕ್ಕೆ ತಿರುಗು’ ಎಂಬುದನ್ನು ಐದು ಸಲ ಹೇಳಿದರೆ ಪಂಚಭುಜ ಆಗುತ್ತದೆ, ಆಮೆ ಹೊರಟ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತದೆ. ಅಂದರೆ ಒಂದು ಪೂರ್ತಿ ಸುತ್ತು ತಿರುಗಿದೆ. 360 ಎಲ್ಲಿಂದ ಬಂತು ಎಂದು ಆಗ ಹೇಳಿಕೊಡಬೇಕಾಗಿಲ್ಲ. ಈ ಆಮೆ ಹೊಸದೇನಲ್ಲ. ಮಕ್ಕಳಿಗಾಗಿಯೇ 1967ರಲ್ಲಿ ರೂಪುಗೊಂಡ ಲೋಗೋ ಎಂಬ ಭಾಷೆಯಿಂದ, ಸೆಮೋರ್ ಪ್ಯಾಪರ್ಟ್ ಮತ್ತವರ ಜೊತೆಗಾರರ ಕೆಲಸದಿಂದ ಅದು ಪೈಥಾನಿಗೆ ಬಂದಿದೆ.

ಹಿಂದಿನ ಸಂಜೆ ಲ್ಯಾಬಿನ ಯಂತ್ರಗಳಲ್ಲಿ ಪೈಥಾನ್ ಇನ್‌ಸ್ಟಾಲ್ ಮಾಡಿದ್ದೆ. ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಎಂದು ಒತ್ತಿ ಮನೆಗೆ ಹೋಗಿದ್ದೆ. ಮರುದಿನ 28 ಮಕ್ಕಳು ಆರು ಯಂತ್ರಗಳ ಮುಂದೆ ಕೂತರು. ಕಮಾಂಡ್ ಪ್ರಾಂಪ್ಟ್ ತೆರೆದು ‘ಪೈಥಾನ್’ ಎಂದು ಟೈಪ್ ಮಾಡಿ ಎಂದೆ. ನಾಲ್ಕು ಯಂತ್ರಗಳು ‘ಇಂಥ ಆದೇಶವಾಗಲಿ ಪ್ರೋಗ್ರಾಮಾಗಲಿ ನನಗೆ ಗೊತ್ತಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ತೋರಿಸಿದವು. ಉಳಿದ ಎರಡರಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡು, ಇಂಟರ್ನೆಟ್ ಇಲ್ಲವೆಂದು ಹೇಳಿ ಸುಮ್ಮನಾಯಿತು. ಮುಂದಿನ ಸಾಲಿನಲ್ಲಿದ್ದ ಹುಡುಗಿ ಕೀಬೋರ್ಡಿನಿಂದ ಎರಡೂ ಕೈ ಮೇಲೆತ್ತಿ, “ಮಿಸ್, ನಾನೇನೂ ಮಾಡ್ಲಿಲ್ಲ ಮಿಸ್, ತಾನಾಗೇ ಬಂತು” ಎಂದಳು. ಆಮೇಲೆ ಆ ಅವಧಿ ಮುಗಿಯುವವರೆಗೆ ಅವಳು ಕೀಬೋರ್ಡ್ ಮುಟ್ಟಲಿಲ್ಲ. ಪಕ್ಕದವನಿಗೆ ಬಿಟ್ಟುಕೊಟ್ಟಳು.

40 ನಿಮಿಷದ ಅವಧಿಯಲ್ಲಿ 25 ನಿಮಿಷ ನಾನು ಯಂತ್ರದಿಂದ ಯಂತ್ರಕ್ಕೆ ಓಡಾಡಿದೆ. ಕೊನೆಗೆ ಕಪ್ಪುಹಲಗೆಯ ಮೇಲೆ ಪಂಚಭುಜ ಬರೆದು ಪಾಠ ಮುಗಿಸಿದೆ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ‘ವಿಷಯಜ್ಞಾನ ಚೆನ್ನಾಗಿದೆ, ಪೂರ್ವಸಿದ್ಧತೆ ಸಾಲದು’ ಎಂದು ಬರೆದರು. ಎರಡನೆಯ ಮಾತು ನಿಜ. ಆದರೆ ಯಾವ ಪೂರ್ವಸಿದ್ಧತೆ? ಅದನ್ನು ತಿಳಿಯಲು ನನಗೆ ಮೂರು ವಾರ ಹಿಡಿಯಿತು. ಬಿಎಸ್ಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ್ದರೂ ನನಗಿದು ಹೊಸದಾಗಿತ್ತು. ಕಾಲೇಜಿನ ಲ್ಯಾಬಿನಲ್ಲಿ ಎಲ್ಲವನ್ನೂ ಬೇರೆ ಯಾರೋ ಹಾಕಿಟ್ಟಿರುತ್ತಿದ್ದರು.

‘ಪೈಥಾನ್ ಹಾಕಿದೆ’ ಎಂದರೆ ಏನು ಹಾಕಿದಂತೆ?

ಪ್ರೋಗ್ರಾಂ ಬರೆಯುವ ಪರಿಸರ ಎಂದರೆ ಒಂದೇ ವಸ್ತುವಲ್ಲ. ಬರೆಯುವ ಜಾಗ ಒಂದು, ಅದಕ್ಕೆ ಎಡಿಟರ್ ಎನ್ನುತ್ತಾರೆ. ಬರೆದದ್ದನ್ನು ಸಾಲುಸಾಲಾಗಿ ಓದಿ ನಡೆಸುವುದು ಇನ್ನೊಂದು, ಅದು ಇಂಟರ್‌ಪ್ರಿಟರ್. ಬೇರೆಯವರು ಈಗಾಗಲೇ ಬರೆದಿಟ್ಟಿರುವ, ನಾವು ಎರವಲು ಪಡೆಯುವ ಭಾಗಗಳು ಮತ್ತೊಂದು. ನಮ್ಮ ಆಮೆ ಇರುವುದು ಅಲ್ಲಿ. ಇವೆಲ್ಲ ಎಲ್ಲಿವೆ ಎಂಬುದು ಯಂತ್ರಕ್ಕೆ ಗೊತ್ತಿರಬೇಕು, ಇದು ನಾಲ್ಕನೆಯದು. ಪೈಥಾನಿನ ಅಧಿಕೃತ ಇನ್‌ಸ್ಟಾಲರ್ ಮೊದಲ ಮೂರನ್ನೂ ಒಟ್ಟಿಗೆ ತರುತ್ತದೆ. ಅದರ ಜೊತೆಗೆ ಬರುವ ಎಡಿಟರಿನ ಹೆಸರು ಐಡಲ್. ನಾಲ್ಕನೆಯದನ್ನು ಮಾತ್ರ ನಾವು ಕೇಳಿದರೆ ಮಾಡುತ್ತದೆ. ನಾನು ಕೇಳಿರಲಿಲ್ಲ.

ಅದಕ್ಕೂ ಮೊದಲಿನ ತಪ್ಪೊಂದಿದೆ. ಯಂತ್ರ ಯಾವುದು ಎಂದೇ ನೋಡದೆ ಮನೆಯಲ್ಲಿ ಪೈಥಾನಿನ ತೀರಾ ಹೊಸ ಆವೃತ್ತಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಹೋಗಿದ್ದೆ. ಲ್ಯಾಬಿನ 11 ಕಂಪ್ಯೂಟರುಗಳಲ್ಲಿ ಶುರುವಾಗುವುದು ಏಳು. ಅವುಗಳಲ್ಲಿ ಐದು ವಿಂಡೋಸ್ 7, 32 ಬಿಟ್. ಎರಡು ವಿಂಡೋಸ್ 10, 64 ಬಿಟ್. ಪೈಥಾನ್ 3.9ರಿಂದ ಮುಂದಿನ ಯಾವ ಆವೃತ್ತಿಯೂ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. 3.8 ಕೊನೆಯದು. ಅದರಲ್ಲೂ ವಿಂಡೋಸಿಗೆ ಸಿದ್ಧ ಇನ್‌ಸ್ಟಾಲರ್ ಸಿಗುವ ಕೊನೆಯ ಬಿಡುಗಡೆ 3.8.10, 2021ರ ಮೇ ತಿಂಗಳಿನದು. ಗಾತ್ರ 30 ಎಂಬಿಗಿಂತ ಕಡಿಮೆ. ಪೈಥಾನ್ ಜಾಲತಾಣದ ಮುಖಪುಟದ ದೊಡ್ಡ ಗುಂಡಿ ಒತ್ತಿದರೆ ಇದು ಸಿಗುವುದಿಲ್ಲ, ಡೌನ್‌ಲೋಡ್ ವಿಭಾಗದ ಹಳೆಯ ಬಿಡುಗಡೆಗಳ ಪಟ್ಟಿಗೆ ಹೋಗಬೇಕು. ಅಲ್ಲಿ ಎರಡು ಕಡತಗಳಿರುತ್ತವೆ. ಹೆಸರಿನಲ್ಲಿ ‘ಎಎಂಡಿ64’ ಎಂದಿರುವುದು 64 ಬಿಟ್ ಯಂತ್ರಕ್ಕೆ. ಇಂಟೆಲ್ ಪ್ರೊಸೆಸರ್ ಇದ್ದರೂ ಅದೇ, ಹೆಸರು ನೋಡಿ ಗಾಬರಿಯಾಗಬೇಡಿ. ಹೆಸರಿನಲ್ಲಿ ಏನೂ ಇಲ್ಲದ್ದು 32 ಬಿಟ್. 32 ಬಿಟ್‌ನದು ಎರಡೂ ಬಗೆಯ ವಿಂಡೋಸಿನಲ್ಲಿ ನಡೆಯುತ್ತದೆ. ಆದ್ದರಿಂದ ಹಳೆಯ ಹೊಸ ಯಂತ್ರಗಳು ಬೆರೆತ ಲ್ಯಾಬಿಗೆ ಅದೊಂದನ್ನೇ ಒಯ್ದರೆ ಸಾಕು.

ವಿಂಡೋಸ್ 10 ಇರುವ ಎರಡರಲ್ಲಿ ಹೊಸ ಆವೃತ್ತಿ ಹಾಕಬಹುದಿತ್ತಲ್ಲ ಎಂದು ಸಹಪಾಠಿಯೊಬ್ಬರು ಕೇಳಿದರು. ಹಾಕಬಹುದಿತ್ತು. ಆದರೆ ತರಗತಿಯಲ್ಲಿ ‘ಈಗ ನಿಮಗೆ ಹೀಗೆ ಕಾಣುತ್ತದೆ’ ಎಂದು ಹೇಳುವಾಗ ಎಲ್ಲರಿಗೂ ಹಾಗೇ ಕಾಣಬೇಕು. ನಾಲ್ಕು ಗುಂಪಿಗೆ ಒಂದು, ಎರಡು ಗುಂಪಿಗೆ ಇನ್ನೊಂದು ಕಂಡರೆ ಅವಧಿಯೆಲ್ಲ ಅದರಲ್ಲೇ ಕಳೆಯುತ್ತದೆ. ಹಳೆಯ ಆವೃತ್ತಿಯಿಂದ ನಷ್ಟವೂ ಇದೆ. ಆವರಣ ಚಿಹ್ನೆ ಮುಚ್ಚಲು ಮರೆತರೆ 3.10ರಿಂದೀಚಿನ ಪೈಥಾನ್ ‘ಈ ಆವರಣ ಮುಚ್ಚಿಲ್ಲ’ ಎಂದು ಸರಿಯಾದ ಜಾಗವನ್ನೇ ತೋರಿಸುತ್ತದೆ. 3.8 ಮುಂದಿನ ಸಾಲನ್ನು ತೋರಿಸಿ ‘ವಾಕ್ಯರಚನೆ ತಪ್ಪು’ ಎನ್ನುತ್ತದೆ. ಮಗು ಸರಿಯಾಗಿರುವ ಸಾಲನ್ನೇ ಮತ್ತೆ ಮತ್ತೆ ಅಳಿಸಿ ಬರೆಯುತ್ತದೆ. ‘ತೋರಿಸಿದ ಸಾಲು ಸರಿ ಇದ್ದರೆ ಅದರ ಮೇಲಿನ ಸಾಲು ನೋಡು’ ಎಂಬ ವಾಕ್ಯವನ್ನು ನಾನು ಹಲಗೆಯ ಮೂಲೆಯಲ್ಲಿ ಕಾಯಂ ಬರೆದಿಟ್ಟಿದ್ದೆ. ಇನ್ನೊಂದು ಎಚ್ಚರಿಕೆಯೂ ಬೇಕು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ಪೈಥಾನ್ 3.8ಕ್ಕೆ 2024ರ ಅಕ್ಟೋಬರ್‌ನಲ್ಲಿ ಭದ್ರತಾ ಪರಿಷ್ಕರಣೆಗಳು ನಿಂತಿವೆ. ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲಿ ಆಮೆ ನಡೆಸಲು ತೊಂದರೆಯಿಲ್ಲ. ನಿಮ್ಮ ಸ್ವಂತ ಲ್ಯಾಪ್‌ಟಾಪಿಗೆ ಇದನ್ನು ಹಾಕಿಕೊಳ್ಳಬೇಡಿ.

ಯಂತ್ರ ಯಾವುದೆಂದು ತಿಳಿಯುವುದು ಕಷ್ಟವಲ್ಲ. ‘ಕಂಪ್ಯೂಟರ್’ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿದರೆ ವಿಂಡೋಸ್ ಯಾವುದು, ಎಷ್ಟು ಬಿಟ್, ಸರ್ವೀಸ್ ಪ್ಯಾಕ್ ಇದೆಯೇ ಎಂದು ಒಂದೇ ಕಡೆ ಕಾಣುತ್ತದೆ. ಸರ್ವೀಸ್ ಪ್ಯಾಕ್ 1 ಇಲ್ಲದ ವಿಂಡೋಸ್ 7ರಲ್ಲಿ 3.8 ಕೂಡ ಇಳಿಯುವುದಿಲ್ಲ. ನಮ್ಮ ಐದರಲ್ಲಿ ಒಂದು ಹಾಗಿತ್ತು. ಅದಕ್ಕೆ ಸರ್ವೀಸ್ ಪ್ಯಾಕ್ ಹಾಕಬೇಕೆಂದರೆ 500 ಎಂಬಿಗೂ ಮೀರಿದ ಕಡತ ಮತ್ತು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇಟ್ಟವರು ಕಂಪ್ಯೂಟರ್ ಸರಬರಾಜು ಮಾಡಿದವರು. ಅದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಯಂತ್ರವನ್ನು ಟೈಪಿಂಗ್ ಅಭ್ಯಾಸಕ್ಕೆ ಬಿಟ್ಟು ಆರರಲ್ಲಿ ಕೆಲಸ ನಡೆಸಿದೆ.

ಇಲ್ಲಿ ಅಡ್ಡದಾರಿಯೊಂದು ಆಸೆ ಹುಟ್ಟಿಸುತ್ತದೆ. ಇನ್‌ಸ್ಟಾಲ್ ಮಾಡುವುದೇ ಬೇಡ, ಜಿಪ್ ಬಿಚ್ಚಿದರೆ ಸಾಕು ಎನ್ನುವ ‘ಎಂಬೆಡಬಲ್’ ಎಂಬ ಕಟ್ಟೂ ಅದೇ ಪಟ್ಟಿಯಲ್ಲಿದೆ. ಪಾಸ್‌ವರ್ಡ್ ಗೊಡವೆ ಇಲ್ಲವಲ್ಲ ಎಂದು ನಾನು ಅದನ್ನೂ ತಂದು ನೋಡಿದೆ. ಅದರಲ್ಲಿ ಐಡಲ್ ಇಲ್ಲ, ಚಿತ್ರ ಬಿಡಿಸಲು ಬೇಕಾದ ಭಾಗ ಇಲ್ಲ, ಹಾಗಾಗಿ ಆಮೆಯೂ ಇಲ್ಲ. ಬೇರೆ ತಂತ್ರಾಂಶದೊಳಗೆ ಪೈಥಾನ್ ಸೇರಿಸುವವರಿಗಾಗಿ ಇರುವ ಕಟ್ಟು ಅದು.

ಪಾಸ್‌ವರ್ಡ್ ಇಲ್ಲದೆಯೂ ಸರಿಯಾದ ದಾರಿ ಇದೆ. ಇನ್‌ಸ್ಟಾಲರಿನ ಮೊದಲ ಪರದೆಯ ಕೆಳಭಾಗದಲ್ಲಿ ಎರಡು ಚೌಕಗಳಿವೆ. ಮೇಲಿನದು ‘ಲಾಂಚರನ್ನು ಎಲ್ಲ ಬಳಕೆದಾರರಿಗೂ ಹಾಕು’ ಎಂಬುದು. ಇದರಲ್ಲಿ ಮೊದಲೇ ಟಿಕ್ ಇರುತ್ತದೆ, ಪಾಸ್‌ವರ್ಡ್ ಕೇಳುವುದು ಇದರಿಂದಲೇ. ಟಿಕ್ ತೆಗೆದರೆ, ವಿಂಡೋಸಿನ ಪರಿಷ್ಕರಣೆಗಳು ಮೊದಲೇ ಆಗಿದ್ದ ಪಕ್ಷದಲ್ಲಿ, ಪಾಸ್‌ವರ್ಡ್ ಇಲ್ಲದೆ ಕೆಲಸ ಮುಗಿಯುತ್ತದೆ. ಕೆಳಗಿನ ಚೌಕ ‘ಪೈಥಾನನ್ನು ಪಾಥ್‌ಗೆ ಸೇರಿಸು’ ಎಂಬುದು. ಇದರಲ್ಲಿ ಟಿಕ್ ಇರುವುದಿಲ್ಲ, ನಾವೇ ಹಾಕಬೇಕು. ಒಂದನ್ನು ತೆಗೆಯಬೇಕು, ಒಂದನ್ನು ಹಾಕಬೇಕು. ನನ್ನ ಮೊದಲ ಸಂಜೆ ನಾನು ತೆಗೆಯುವುದನ್ನು ತೆಗೆದಿದ್ದೆ, ಹಾಕುವುದನ್ನು ಹಾಕಿರಲಿಲ್ಲ.

ಪಾಥ್ ಎಂದರೆ

ಇದನ್ನು ಮಕ್ಕಳಿಗೆ ಹೇಳಲು ನಾನು ಬಳಸಿದ ಉದಾಹರಣೆ ಶಾಲೆಯದೇ. ‘ಹೋಗಿ ಡಸ್ಟರ್ ತಗೊಂಡು ಬಾ’ ಎಂದು ಒಬ್ಬ ಹುಡುಗನನ್ನು ಕಳಿಸಿದ್ದೀರಿ. ಎಲ್ಲಿದೆ ಎಂದು ಹೇಳಿಲ್ಲ. ಅವನ ತಲೆಯಲ್ಲಿ ಒಂದು ಪಟ್ಟಿ ಇದೆ: ಮೊದಲು ಪಕ್ಕದ ತರಗತಿ, ಆಮೇಲೆ ಸ್ಟಾಫ್ ರೂಮು, ಆಮೇಲೆ ಆಫೀಸು. ಆ ಕ್ರಮದಲ್ಲೇ ನೋಡುತ್ತಾನೆ. ಮೊದಲು ಸಿಕ್ಕಿದ ಡಸ್ಟರನ್ನು ತರುತ್ತಾನೆ. ಡಸ್ಟರ್ ಇರುವುದು ಕ್ರೀಡಾ ಸಾಮಗ್ರಿ ಕೋಣೆಯಲ್ಲಿ, ಆ ಕೋಣೆ ಅವನ ಪಟ್ಟಿಯಲ್ಲಿ ಇಲ್ಲ ಎಂದಾದರೆ ಬರಿಗೈಯಲ್ಲಿ ಬಂದು “ಇಲ್ಲ ಮಿಸ್” ಎನ್ನುತ್ತಾನೆ. ಡಸ್ಟರ್ ಶಾಲೆಯಲ್ಲಿಯೇ ಇದೆ, ಅವನೂ ಸುಳ್ಳು ಹೇಳುತ್ತಿಲ್ಲ. ವಿಂಡೋಸಿನಲ್ಲಿ ಹೀಗೆ ಹುಡುಕಬೇಕಾದ ಫೋಲ್ಡರುಗಳ ಪಟ್ಟಿಗೆ ಪಾಥ್ ಎಂದು ಹೆಸರು. ಪೈಥಾನ್ ಯಂತ್ರದೊಳಗೆ ಕೂತಿತ್ತು, ಆದರೆ ಅದರ ಕೋಣೆ ಪಟ್ಟಿಯಲ್ಲಿ ಇರಲಿಲ್ಲ. ವಿಂಡೋಸ್ 10ರಲ್ಲಿ ಸ್ಟೋರ್ ತೆರೆದದ್ದೂ ಇದೇ ಕಾರಣಕ್ಕೆ. ಅಲ್ಲಿ ಪಟ್ಟಿಯಲ್ಲಿರುವ ಒಂದು ಕೋಣೆಯಲ್ಲಿ ಮೈಕ್ರೋಸಾಫ್ಟಿನವರು ‘ಪೈಥಾನ್’ ಎಂದು ಚೀಟಿ ಅಂಟಿಸಿದ ಖಾಲಿ ಪೆಟ್ಟಿಗೆ ಇಟ್ಟಿರುತ್ತಾರೆ. ತೆರೆದರೆ ‘ನಮ್ಮ ಅಂಗಡಿಗೆ ಬನ್ನಿ’ ಎಂದಿರುತ್ತದೆ.

ಟಿಕ್ ಹಾಕಿದ ಮೇಲೂ ಮೊದಲೇ ತೆರೆದಿಟ್ಟ ಕಮಾಂಡ್ ಪ್ರಾಂಪ್ಟ್ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ಮುಚ್ಚಿ ಹೊಸದು ತೆರೆಯಬೇಕು. ಈ ಸಣ್ಣ ಸಂಗತಿ ತಿಳಿಯದೆ ನಾನು ಒಂದು ಯಂತ್ರದಲ್ಲಿ ಪೈಥಾನನ್ನು ಮೂರು ಸಲ ತೆಗೆದು ಹಾಕಿದ್ದೇನೆ.

ಮರುದಿನ ಸಂಜೆ ಎಲ್ಲ ಆರರಲ್ಲೂ ಟಿಕ್ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಎಲ್ಲದರಲ್ಲೂ ನಡೆಯಿತು. ಅದರ ಮರುದಿನ ಮಕ್ಕಳು ಬಂದು ಕೂತರೆ ಮತ್ತೆ ಅದೇ ಸಾಲು! ನಾನು ಶಿಕ್ಷಕರ ಖಾತೆಯಲ್ಲಿ ಲಾಗಿನ್ ಆಗಿ ಹಾಕಿದ್ದೆ. ಮಕ್ಕಳು ವಿದ್ಯಾರ್ಥಿ ಖಾತೆಯಲ್ಲಿ ಒಳಗೆ ಬರುತ್ತಾರೆ. ಪಾಸ್‌ವರ್ಡ್ ಇಲ್ಲದೆ ಹಾಕಿದ ಪೈಥಾನ್ ಹಾಕಿದವರ ಖಾತೆಗೆ ಮಾತ್ರ ಸೇರಿದ್ದು, ಬೇರೆ ಖಾತೆಯವರ ಸ್ಟಾರ್ಟ್ ಮೆನುವಿನಲ್ಲಿ ಅದರ ಹೆಸರೂ ಇರುವುದಿಲ್ಲ. ಮೊದಲ ದಿನ ಎರಡು ತಪ್ಪುಗಳು ಒಂದರ ಹಿಂದೆ ಒಂದು ಅಡಗಿದ್ದವು, ಒಂದನ್ನು ತಿದ್ದಿದಾಗ ಇನ್ನೊಂದು ಕಂಡಿತು. ಪ್ರಶಿಕ್ಷಣಾರ್ಥಿ ಮಿತ್ರರಿಗೆ ನಾನು ಹೇಳುವುದು ಇಷ್ಟು: ಮಕ್ಕಳು ಯಾವ ಖಾತೆಯಲ್ಲಿ, ಯಾವ ಕುರ್ಚಿಯಲ್ಲಿ ಕೂರುತ್ತಾರೋ ಅಲ್ಲೇ ಕೂತು, ಅವರು ಮಾಡಬೇಕಾದುದನ್ನು ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ನೀವೇ ಮಾಡಿ ನೋಡಿ. ‘ಇನ್‌ಸ್ಟಾಲ್ ಯಶಸ್ವಿ’ ಎಂಬ ಪರದೆಯನ್ನು ನಂಬಬೇಡಿ.

ಇಷ್ಟೆಲ್ಲ ಆದ ಮೇಲೆ ಒಪ್ಪಿಕೊಳ್ಳಬೇಕಾದ ಮಾತು ಒಂದಿದೆ. ನನ್ನ ಪಾಠಕ್ಕೆ ಕಮಾಂಡ್ ಪ್ರಾಂಪ್ಟ್ ಬೇಕೇ ಇರಲಿಲ್ಲ. ಸ್ಟಾರ್ಟ್ ಮೆನುವಿನಿಂದ ಐಡಲ್ ತೆರೆದರೆ ಪಾಥ್‌ನ ಹಂಗಿಲ್ಲದೆ ಕೆಲಸ ನಡೆಯುತ್ತದೆ. ಕಪ್ಪು ಪರದೆಯಲ್ಲಿ ಟೈಪ್ ಮಾಡಿದರೆ ಮಕ್ಕಳಿಗೆ ‘ನಿಜವಾದ’ ಪ್ರೋಗ್ರಾಮಿಂಗ್ ಅನಿಸುತ್ತದೆ ಎಂದು ನಾನೇ ಕಲ್ಪಿಸಿಕೊಂಡಿದ್ದೆ. ಮುಂದಿನ ಪಾಠಗಳೆಲ್ಲ ಐಡಲ್‌ನಲ್ಲೇ ಆದವು.

ಐಡಲ್ ಅನ್ನು ತರಗತಿಗೆ ಒಗ್ಗಿಸುವುದು

ಐಡಲ್ ತೆರೆದಾಗ ಮೊದಲು ಕಾಣುವುದು ಶೆಲ್. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಆಗಲೇ ಉತ್ತರ ಕೊಡುವ ಕಿಟಕಿ ಅದು. ಮಕ್ಕಳು ಅದರಲ್ಲೇ ಹತ್ತು ಸಾಲು ಬರೆದು, ನಡುವೆ ತಪ್ಪಾದರೆ ಮೇಲೆ ಹೋಗಿ ತಿದ್ದಲು ನೋಡುತ್ತಾರೆ, ಅದು ಕೇಳುವುದಿಲ್ಲ. ಕಂಟ್ರೋಲ್ ಮತ್ತು ಎನ್ ಒತ್ತಿ ಹೊಸ ಕಡತ ತೆರೆದು, ಅಲ್ಲಿ ಬರೆದು, ಉಳಿಸಿ, ಎಫ್5 ಒತ್ತುವುದು ಇನ್ನೊಂದು ಬಗೆ. ನಾನು ಶೆಲ್ಲನ್ನು ‘ರಫ್ ಪುಸ್ತಕ’, ಕಡತವನ್ನು ‘ನೋಟ್ ಪುಸ್ತಕ’ ಎಂದು ಕರೆದೆ. ಮಕ್ಕಳು ಒಂದೇ ದಿನಕ್ಕೆ ಹಿಡಿದರು.

‘ಆಪ್ಷನ್ಸ್’ ಮೆನುವಿನಲ್ಲಿ ಅಕ್ಷರದ ಗಾತ್ರವನ್ನು 16 ಅಥವಾ 18 ಮಾಡಿ. ಮೊದಲು ಇರುವುದು 10, ಐದು ಮಕ್ಕಳು ಒಂದು ಪರದೆ ನೋಡುವಾಗ ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ. ಫಾಂಟ್ ಕನ್ಸೋಲಾಸ್ ಇಟ್ಟರೆ ಸೊನ್ನೆಗೂ ಇಂಗ್ಲಿಷ್ ‘ಓ’ ಅಕ್ಷರಕ್ಕೂ ವ್ಯತ್ಯಾಸ ಕಾಣುತ್ತದೆ. ಅದೇ ಮೆನುವಿನಲ್ಲಿ ಸಾಲಿನ ಸಂಖ್ಯೆ ತೋರಿಸುವ ಆಯ್ಕೆ ಇದೆ, ಅದನ್ನೂ ಹಾಕಿಡಿ. ತಪ್ಪಿನ ಸಂದೇಶ ‘4ನೇ ಸಾಲು’ ಎಂದಾಗ ಮಕ್ಕಳು ಬೆರಳಿಟ್ಟು ಎಣಿಸುವುದು ತಪ್ಪುತ್ತದೆ. ಆಮೆಯ ಕಿಟಕಿ ಹಲವು ಸಲ ಎಡಿಟರಿನ ಹಿಂದೆ ಅಡಗಿಕೊಳ್ಳುತ್ತದೆ. ‘ಮಿಸ್, ಏನೂ ಬರ್ಲಿಲ್ಲ’ ಎಂದರೆ ಮೊದಲು ಅಲ್ಲಿ ನೋಡಿ. ವಿಂಡೋಸ್ ಗುಂಡಿಯ ಜೊತೆ ಎಡಬಾಣ ಒತ್ತಿ ಎಡಿಟರನ್ನು ಅರ್ಧ ಪರದೆಗೆ ಸರಿಸಿಟ್ಟರೆ ಈ ಗೋಳಿಲ್ಲ.

ಇಷ್ಟು ಮಾಡಿದ ಮೇಲೆ ಪಾಠ ನಡೆಯಿತು. ತ್ರಿಭುಜ ಬರೆಯಿರಿ ಎಂದಾಗ ಹೆಚ್ಚಿನ ಗುಂಪುಗಳು 60 ಡಿಗ್ರಿ ತಿರುಗಿಸಿದವು. ಸಮಬಾಹು ತ್ರಿಭುಜದ ಕೋನ 60 ಎಂದು ಕಲಿತಿದ್ದಾರಲ್ಲ! ಆಮೆ ಅರ್ಧ ಷಡ್ಭುಜ ಬರೆದು ನಿಂತಿತು. ಒಳಗಿನ ಕೋನಕ್ಕೂ ಆಮೆ ತಿರುಗುವ ಕೋನಕ್ಕೂ ಇರುವ ವ್ಯತ್ಯಾಸದ ಬಗ್ಗೆ ಆ ದಿನ ಆದ ಜಗಳ ನನ್ನ ಇಂಟರ್ನ್‌ಶಿಪ್‌ನ ಅತ್ಯುತ್ತಮ ಹತ್ತು ನಿಮಿಷ. ಆದರೆ ಈ ಲೇಖನ ಅದರ ಕುರಿತದ್ದಲ್ಲ.

ಒಂದು ಕಡತದ ಹೆಸರು

ನಾಲ್ಕನೇ ಪಾಠದ ದಿನ ಮೂರನೇ ಯಂತ್ರ ಕೈಕೊಟ್ಟಿತು. ಹಿಂದಿನ ದಿನ ಸರಿಯಾಗಿ ನಡೆದಿದ್ದ ಕಡತಗಳೂ ‘ಫಾರ್ವರ್ಡ್ ಎಂಬ ಹೆಸರು ಗೊತ್ತಿಲ್ಲ’ ಎಂದವು. ಆಮೆಗೆ ಮುಂದೆ ನಡೆಯುವುದು ಮರೆತಂತೆ! ಅದೇ ಸಾಲುಗಳನ್ನು ಪಕ್ಕದ ಯಂತ್ರದಲ್ಲಿ ಬರೆದರೆ ಸರಿಯಾಗಿ ನಡೆಯುತ್ತವೆ. ವೈರಸ್ ಎಂದರು ಮಕ್ಕಳು. ಯಂತ್ರ ಹಳೆಯದಾಯಿತು ಎಂದರು ಶಾಲೆಯ ಗಣಿತ ಮೇಡಂ. ನಾನು ಪೈಥಾನ್ ತೆಗೆದು ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ಮರುದಿನ ಇನ್ನೊಮ್ಮೆ ಹಾಕಿದೆ.

ಕೊನೆಗೆ ತಪ್ಪಿನ ಸಂದೇಶವನ್ನು ಪೂರ್ತಿ ಓದಿದೆ. ಅಲ್ಲಿಯವರೆಗೆ ಕೆಂಪಕ್ಷರದ ಕೊನೆಯ ಸಾಲನ್ನು ಮಾತ್ರ ಓದುತ್ತಿದ್ದೆ. ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದೆ. ಅದರ ಮೇಲಿನ ಸಾಲುಗಳಲ್ಲಿ ತಪ್ಪು ಯಾವ ಕಡತದಲ್ಲಾಯಿತು ಎಂದು ಅದರ ಪೂರ್ತಿ ವಿಳಾಸ ಇತ್ತು. ಅದು ಮಕ್ಕಳು ತೆರೆದ ಕಡತವಲ್ಲ, ಅದೇ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿದ್ದ ‘ಟರ್ಟಲ್’ ಎಂಬ ಇನ್ನೊಂದು ಕಡತ. ಹಿಂದಿನ ದಿನ ಯಾವುದೋ ಗುಂಪು ತಮ್ಮ ಪ್ರೋಗ್ರಾಮಿಗೆ ಆ ಹೆಸರು ಕೊಟ್ಟು ಉಳಿಸಿತ್ತು. ಪಾಠದ ಹೆಸರು ಟರ್ಟಲ್, ಕಡತದ ಹೆಸರೂ ಟರ್ಟಲ್. ಅದಕ್ಕಿಂತ ಸಹಜವಾದದ್ದು ಇನ್ನೇನಿದೆ?

ಇಲ್ಲಿ ಮತ್ತೆ ಡಸ್ಟರಿನ ಕತೆಯೇ. ‘ಟರ್ಟಲ್ ತಾ’ ಎಂದು ಪ್ರೋಗ್ರಾಂ ಕೇಳಿದಾಗ ಪೈಥಾನಿಗೂ ಹುಡುಕುವ ಪಟ್ಟಿಯೊಂದಿದೆ. ಅದರಲ್ಲಿ ಮೊದಲ ಸ್ಥಾನ ಆ ಪ್ರೋಗ್ರಾಂ ಇರುವ ಫೋಲ್ಡರಿನದೇ. ತನ್ನ ಜೊತೆ ಬಂದ ಭಾಗಗಳ ಕೋಣೆಗೆ ಹೋಗುವುದು ಆಮೇಲೆ. ತನ್ನ ಚೀಲದಲ್ಲೇ ‘ಡಸ್ಟರ್’ ಎಂದು ಬರೆದ ಪೊಟ್ಟಣ ಸಿಕ್ಕರೆ ಹುಡುಗ ಸ್ಟಾಫ್ ರೂಮಿಗೆ ಏಕೆ ಹೋಗುತ್ತಾನೆ? ಮಗುವಿನ ಐದು ಸಾಲಿನ ಕಡತವನ್ನೇ ಪೈಥಾನ್ ಆಮೆ ಎಂದು ತಿಳಿಯಿತು. ಅದರಲ್ಲಿ ಮುಂದೆ ನಡೆಯುವ ವಿದ್ಯೆ ಇರಲಿಲ್ಲ. ಪೈಥಾನನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಮಕ್ಕಳ ಕಡತಗಳು ಇದ್ದಲ್ಲೇ ಇರುತ್ತವೆ, ಆದ್ದರಿಂದ ತೊಂದರೆಯೂ ಇದ್ದಲ್ಲೇ ಇರುತ್ತದೆ. ಕಡತಕ್ಕೆ ‘ನನ್ನ ಆಮೆ’ ಎಂದು ಹೆಸರು ಬದಲಿಸಿದ ಕ್ಷಣವೇ ಆ ಯಂತ್ರದ ಎಲ್ಲ ಕಡತಗಳೂ ಸರಿಹೋದವು.

ಕಡತದ ಹೆಸರಿನ ಬಾಲ ಕಾಣಿಸದಿರುವುದು ಇದನ್ನು ಇನ್ನಷ್ಟು ಮುಚ್ಚಿಡುತ್ತದೆ. ವಿಂಡೋಸ್ ಸಾಮಾನ್ಯವಾಗಿ ‘ಡಾಟ್ ಪಿವೈ’, ‘ಡಾಟ್ ಟಿಎಕ್ಸ್‌ಟಿ’ ಎಂಬ ಬಾಲಗಳನ್ನು ತೋರಿಸುವುದಿಲ್ಲ. ಫೋಲ್ಡರ್ ಆಯ್ಕೆಗಳಲ್ಲಿ ಅದನ್ನು ತೋರಿಸುವಂತೆ ಮಾಡಿ. ಇಲ್ಲವಾದರೆ ನೋಟ್‌ಪ್ಯಾಡಿನಲ್ಲಿ ಬರೆದ ಕಡತಕ್ಕೆ ಎರಡು ಬಾಲ ಅಂಟಿಕೊಂಡು, ಏಕೆ ನಡೆಯುತ್ತಿಲ್ಲ ಎಂದು ಯಾರಿಗೂ ತಿಳಿಯುವುದಿಲ್ಲ. ಪ್ರತಿ ಗುಂಪಿಗೂ ಅದರದೇ ಫೋಲ್ಡರ್ ಮಾಡಿಕೊಟ್ಟರೆ ಒಬ್ಬರ ತಪ್ಪು ಇನ್ನೊಬ್ಬರನ್ನು ತಟ್ಟುವುದಿಲ್ಲ. ಇದನ್ನು ನಾನು ಮೊದಲ ದಿನವೇ ಮಾಡಬೇಕಿತ್ತು.

ಕನ್ನಡದಲ್ಲಿ ಎಷ್ಟು?

ಕನ್ನಡ ಮಾಧ್ಯಮದ ಮಕ್ಕಳಲ್ಲವೇ, ಕನ್ನಡದಲ್ಲೇ ಬರೆಯಬಹುದೇ ಎಂದು ನೋಡಿದೆ. ಪೈಥಾನ್ 3ರಲ್ಲಿ ಹೆಸರುಗಳು ಕನ್ನಡದಲ್ಲಿರಬಹುದು. ‘ಕೋನ’ ಎಂದರೆ 360 ಭಾಗಿಸು ‘ಬದಿ’ ಎಂದು ಕನ್ನಡ ಲಿಪಿಯಲ್ಲೇ ಬರೆದರೆ ಅದು ಯಾವ ತಕರಾರೂ ಇಲ್ಲದೆ ಲೆಕ್ಕ ಮಾಡುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಕನ್ನಡ ಅಂಕಿಗಳನ್ನು ಸಾಲಿನೊಳಗೆ ನೇರವಾಗಿ ಬರೆದರೆ ಒಪ್ಪುವುದಿಲ್ಲ. ಇನ್‌ಪುಟ್ ಆಗಿ ಕೊಟ್ಟು ಸಂಖ್ಯೆಯಾಗಿ ಬದಲಿಸು ಎಂದರೆ ಮಾತ್ರ ‘೧೨’ ಅನ್ನು 12 ಎಂದು ಓದುತ್ತದೆ.

ಎಚ್ಚರ ಬೇಕಾದದ್ದು ಬರೆಯುವ ಸಾಧನದಲ್ಲಿ. ನುಡಿಯ ಹಳೆಯ ರೀತಿಯಲ್ಲಿ, ಅಂದರೆ ಯೂನಿಕೋಡ್ ಅಲ್ಲದೆ, ಟೈಪ್ ಮಾಡಿದರೆ ಐಡಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ವಿಂಡೋಸಿನ ಕನ್ನಡ ಕೀಲಿಮಣೆಯನ್ನೋ ಯೂನಿಕೋಡ್ ಆಯ್ಕೆಯನ್ನೋ ಬಳಸಬೇಕು. ವಿಂಡೋಸ್ 7ರ ನೋಟ್‌ಪ್ಯಾಡಿನಲ್ಲಿ ಎನ್‌ಕೋಡಿಂಗ್ ಬದಲಿಸದೆ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಐಡಲ್‌ನಲ್ಲೇ ಬರೆದು ಉಳಿಸಿದರೆ ತೊಂದರೆಯಿಲ್ಲ.

ಹೀಗೆಲ್ಲ ಸಾಧ್ಯವಿದ್ದರೂ ಒಂದು ವಾರದ ನಂತರ ನಾನು ಕನ್ನಡ ಲಿಪಿಯ ಹೆಸರುಗಳನ್ನು ಬಿಟ್ಟೆ. ಆದೇಶಗಳು ಹೇಗೂ ಇಂಗ್ಲಿಷ್‌ನಲ್ಲಿರುತ್ತವೆ. ಪ್ರತಿ ಸಾಲಿನಲ್ಲೂ ಎರಡು ಸಲ ಕೀಲಿಮಣೆ ಬದಲಿಸುವುದರಲ್ಲಿ ಮಕ್ಕಳಿಗೆ ಕೋನ ಮರೆತುಹೋಗುತ್ತಿತ್ತು. ಬದಿ, ಕೋನ ಎಂಬ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆವು. ಪರದೆಯ ಮೇಲೆ ಮುದ್ರಿಸುವ ವಾಕ್ಯಗಳನ್ನು ಮಾತ್ರ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡೆವು. ಇದು ಸರಿಯೋ ತಪ್ಪೋ, ಬೇರೆ ಶಾಲೆಗಳಲ್ಲಿ ಮಾಡಿ ನೋಡಿದವರು ಹೇಳಬೇಕು.

ಮಕ್ಕಳೇ ಹಾಕಿದ ಪೈಥಾನ್

ಕೊನೆಯ ವಾರ ಒಂದು ಯಂತ್ರದಿಂದ ಪೈಥಾನ್ ತೆಗೆದುಹಾಕಿ, ಐದು ಮಕ್ಕಳ ಗುಂಪಿಗೆ ಪೆನ್‌ಡ್ರೈವ್ ಕೊಟ್ಟು “ನೀವೇ ಹಾಕಿ” ಎಂದೆ. ಪಾಠದ ಸಮಯವನ್ನು ಇದಕ್ಕೆ ಕೊಡುವುದು ಸರಿಯೇ ಎಂದು ಮಾರ್ಗದರ್ಶಕರು ಕೇಳಿದ್ದರು. ಪಠ್ಯದಲ್ಲಿ ಇದು ಇಲ್ಲ ಎಂಬ ಅವರ ಮಾತು ನಿಜ. ಹಾಗಾಗಿ ಊಟದ ವಿರಾಮದ ನಂತರದ ಆಟದ ಅವಧಿಯನ್ನು ದೈಹಿಕ ಶಿಕ್ಷಕರಿಂದ ಕೇಳಿ ಪಡೆದೆ. ಪರದೆಯಲ್ಲಿ ಬರುವ ಏಳೆಂಟು ಇಂಗ್ಲಿಷ್ ಪದಗಳ ಕನ್ನಡ ಅರ್ಥವನ್ನು ಮಾತ್ರ ಹಲಗೆಯ ಮೇಲೆ ಬರೆದಿದ್ದೆ.

ಮೊದಲ ದಿನ ಕೈ ಮೇಲೆತ್ತಿದ್ದ ಹುಡುಗಿ ಆ ಗುಂಪಿನಲ್ಲಿದ್ದಳು. ನಾನೇ ಸೇರಿಸಿದ್ದೆ. ಅವಳು ಪದಗಳನ್ನು ಓದಿದಳು, ಬೇರೆಯವರು ಒತ್ತಿದರು. ಎರಡು ಚೌಕಗಳ ಪರದೆ ಬಂದಾಗ ಎಲ್ಲರೂ ನಿಂತರು. ಅವಳು ಕೇಳಿದಳು: “ಮಿಸ್, ಪಾಥ್‌ಗೆ ಸೇರ್ಸೋದು ಒಳ್ಳೇದು ಅಂದ್ರೆ ಅವ್ರೇ ಯಾಕೆ ಟಿಕ್ ಹಾಕಿ ಕಳ್ಸಿಲ್ಲ?” ನಾನು ಯೋಚಿಸದೇ ಇದ್ದ ಪ್ರಶ್ನೆ. ಅದೇ ಯಂತ್ರದಲ್ಲಿ ಬೇರೆ ಕೆಲಸಕ್ಕೆಂದು ಇನ್ನೊಂದು ಪೈಥಾನ್ ಮೊದಲೇ ಇರಬಹುದು, ಪಟ್ಟಿಯಲ್ಲಿ ಯಾವುದು ಮೊದಲು ಬರುತ್ತದೋ ಅದೇ ನಡೆಯುತ್ತದೆ, ಕೇಳದೆ ಪಟ್ಟಿ ಬದಲಿಸಿದರೆ ಇದ್ದ ಕೆಲಸ ಕೆಡಬಹುದು ಎಂದು ಹೇಳಿದೆ. “ನಮ್ಮ ಟರ್ಟಲ್ ಫೈಲ್ ಥರ” ಎಂದ ಪಕ್ಕದ ಹುಡುಗ. ಆ ಕಡತ ಯಾರದೆಂದು ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಮೇಲಿನ ಟಿಕ್ ತೆಗೆಯಲು ಅವರು ಮರೆತರು. ಪಾಸ್‌ವರ್ಡ್ ಕೇಳಿತು. ರದ್ದು ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಬಾಯಿ ಮುಚ್ಚಿಕೊಂಡಿರುವುದು ಪಾಠ ಮಾಡುವುದಕ್ಕಿಂತ ಕಷ್ಟವಾಯಿತು. 22 ನಿಮಿಷದಲ್ಲಿ ಆಮೆ ಚೌಕ ಬರೆಯಿತು. ಆಗ ಕೀಬೋರ್ಡಿನ ಮುಂದೆ ಇದ್ದವಳು ಅವಳೇ.

ಹೊರಡುವ ದಿನ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವನ್ನು ಗಣಿತ ಮೇಡಂ ಅವರಿಗೆ ಕೊಟ್ಟೆ. ಯಾವ ಯಂತ್ರ ಎಷ್ಟು ಬಿಟ್, ಯಾವ ಖಾತೆಯಲ್ಲಿ ಹಾಕಿದೆ, ಎರಡು ಚೌಕಗಳಲ್ಲಿ ಯಾವುದು ಹಾಕಬೇಕು ಯಾವುದು ತೆಗೆಯಬೇಕು, ಕಡತಕ್ಕೆ ಯಾವ ಹೆಸರು ಇಡಬಾರದು ಎಂದು ಒಂದು ಹಾಳೆಯಲ್ಲಿ ಬರೆದು ಲ್ಯಾಬಿನ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಮೇಡಂ ಅದನ್ನು ಓದಿ, “ಏಳನೇ ಕಂಪ್ಯೂಟರಿಗೆ ಏನು ಮಾಡೋದು?” ಎಂದರು. ಪಾಸ್‌ವರ್ಡ್ ಸಿಗಬೇಕು ಎಂದೆ. ಅವರು ಹಾಳೆಯ ಕೆಳಗೆ ಪೆನ್ನಿನಲ್ಲಿ ‘ಪಾಸ್‌ವರ್ಡ್ ಕೇಳಿ ಪತ್ರ ಬರೆಯುವುದು’ ಎಂದು ಸೇರಿಸಿದರು.